ಒಟಿಟಿ ಇರುವಾಗ ರಿಯಾಯಿತಿಯ ಅನಿಮೆ ಡಿಸ್ಕ್‌ಗಳನ್ನು ಕೊಳ್ಳಬೇಕೆ?

ಪ್ರಶ್ನೆ: ಶೆಟ್ಟಿಹಳ್ಳಿ ವೀಕ್ಷಕ, ತುಮಕೂರು

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿರುವ ನನ್ನ ಅಕ್ಕನ ಮಗ ಸಂಕ್ರಾಂತಿಗೆ ಊರಿಗೆ ಬರುತ್ತಿದ್ದಾನೆ. ನವೆಂಬರ್ ಕೊನೆಯ ವಾರದಲ್ಲಿ ಅಲ್ಲಿ ನಡೆಯುವ ರಿಯಾಯಿತಿ ಮಾರಾಟದಲ್ಲಿ ಅನಿಮೆ (ಜಪಾನಿನ ಅನಿಮೇಷನ್) ಬ್ಲೂ-ರೇ ಡಿಸ್ಕ್‌ಗಳು, ಅಂದರೆ ಡಿವಿಡಿಗಿಂತ ಸ್ಪಷ್ಟ ಚಿತ್ರದ ಡಿಸ್ಕ್‌ಗಳು, ಅರ್ಧ ಬೆಲೆಗೆ, ಕೆಲವು ಅದಕ್ಕಿಂತಲೂ ಕಡಿಮೆಗೆ ಸಿಗುತ್ತವೆಯಂತೆ. "ಮಾವ, ಬೇಕಾದವುಗಳ ಪಟ್ಟಿ ಕಳುಹಿಸಿ, ನನ್ನ ಸಾಮಾನಿನ ಜೊತೆಗೇ ತರುತ್ತೇನೆ" ಎಂದು ಹೇಳಿದ್ದಾನೆ.

ನಮ್ಮ ಮನೆಯಲ್ಲಿ ನೆಟ್‌ಫ್ಲಿಕ್ಸ್ ಮತ್ತು ಅನಿಮೆಯ ಒಟಿಟಿಯಾದ ಕ್ರಂಚಿರೋಲ್ ಚಂದಾ ಎರಡೂ ಇವೆ. ನಾನೂ ಕಾಲೇಜಿಗೆ ಹೋಗುವ ನನ್ನ ಮಗಳೂ ರಾತ್ರಿ ಊಟವಾದ ಮೇಲೆ ಒಂದೆರಡು ಕಂತುಗಳನ್ನು ನೋಡುವುದು ರೂಢಿ. ಇತ್ತೀಚೆಗೆ ನಾವು ಅರ್ಧದವರೆಗೆ ನೋಡಿದ್ದ ಒಂದು ಹಳೆಯ ಸರಣಿ ಇದ್ದಕ್ಕಿದ್ದಂತೆ ಪಟ್ಟಿಯಿಂದ ಕಾಣೆಯಾಯಿತು; ಪರವಾನಗಿಯ ಅವಧಿ ಮುಗಿದಿದೆ ಎಂಬುದು ಆಮೇಲೆ ತಿಳಿಯಿತು. ಅಂದಿನಿಂದ ಮೆಚ್ಚಿನ ಕೃತಿಗಳನ್ನಾದರೂ ಕೈಯಲ್ಲಿ ಹಿಡಿದು ಇಟ್ಟುಕೊಳ್ಳಬೇಕೆಂಬ ಆಸೆ ಬಲವಾಗಿದೆ. ಆದರೆ ನಮ್ಮ ಊರಿನಲ್ಲಿ ಡಿವಿಡಿ ಬಾಡಿಗೆಗೆ ಕೊಡುತ್ತಿದ್ದ ಅಂಗಡಿಗಳೆಲ್ಲ ಮೊಬೈಲ್ ಅಂಗಡಿಗಳಾಗಿ ಎಷ್ಟೋ ವರ್ಷಗಳಾಗಿವೆ, ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ. ಇಂಥ ಹೊತ್ತಿನಲ್ಲಿ ಡಿಸ್ಕ್‌ಗೆ ಹಣ ಹಾಕುವುದು ಸರಿಯೇ? ಬೆಂಗಳೂರಿನಲ್ಲಿ ಕೊಂಡ ಪ್ಲೇಸ್ಟೇಷನ್ 4 ಗೇಮ್ ಕನ್ಸೋಲ್ ನಮ್ಮಲ್ಲಿದೆ, ಅದರಲ್ಲಿಯೇ ನೋಡಬಹುದೆಂದುಕೊಂಡಿದ್ದೇನೆ. ಪಟ್ಟಿ ಕಳುಹಿಸುವ ಮುನ್ನ ಅನುಭವಸ್ಥರ ಅಭಿಪ್ರಾಯ ತಿಳಿಯಬಯಸುತ್ತೇನೆ.

ಉತ್ತರ: ಅಮಾನಿಕೆರೆ ದಂಡೆ, ತುಮಕೂರು

ಸರ್, ಯಾವ ಸರಣಿ ಎಂಬ ಮಾತಿಗೆ ಮೊದಲು, ತಮ್ಮ ಪ್ಲೇಸ್ಟೇಷನ್ ಆ ಡಿಸ್ಕ್‌ಗಳನ್ನು ಓದುತ್ತದೆಯೇ ಎಂಬುದು ಇತ್ಯರ್ಥವಾಗಬೇಕು. ವಿದೇಶದಿಂದ ಡಿಸ್ಕ್ ತರಿಸುವವರ ಹಣ ಹೆಚ್ಚಾಗಿ ಪೋಲಾಗುವುದು ಇಲ್ಲಿಯೇ. ಬ್ಲೂ-ರೇಗೆ ಎ, ಬಿ, ಸಿ ಎಂಬ ಮೂರು ರೀಜನ್‌ಗಳಿವೆ, ಅಂದರೆ ಡಿಸ್ಕ್ ಯಾವ ದೇಶಗಳ ಯಂತ್ರದಲ್ಲಿ ಓಡಬೇಕೆಂಬ ವಿಭಾಗಗಳು. ಅಮೆರಿಕ ಮತ್ತು ಜಪಾನ್ ಎ ರೀಜನ್‌ನಲ್ಲಿವೆ, ಯುರೋಪ್ ಮತ್ತು ಆಸ್ಟ್ರೇಲಿಯಾ ಬಿ ರೀಜನ್‌ನಲ್ಲಿವೆ, ಭಾರತ, ಚೀನಾ, ರಷ್ಯಾಗಳು ಸಿ ರೀಜನ್‌ನಲ್ಲಿವೆ. ಭಾರತದಲ್ಲಿ ಮಾರಾಟವಾದ ಪ್ಲೇಸ್ಟೇಷನ್ ಸಿ ರೀಜನ್‌ನದು. ಆಟಗಳ ಡಿಸ್ಕ್‌ಗೆ ಈ ಕಟ್ಟಳೆ ಇಲ್ಲದಿರುವುದರಿಂದ ಹೊರದೇಶದ ಗೇಮ್ ಓಡಿದ್ದನ್ನು ಕಂಡವರು ಸಿನಿಮಾ ಡಿಸ್ಕ್ ಕೂಡ ಓಡುತ್ತದೆಂದು ಭಾವಿಸುತ್ತಾರೆ. ಹಾಗೆ ಆಗುವುದಿಲ್ಲ. ಎ ರೀಜನ್‌ಗೆ ಬೀಗ ಹಾಕಿದ ಡಿಸ್ಕ್ ಹಾಕಿದರೆ ಪರದೆಯ ಮೇಲೆ ರೀಜನ್ ಹೊಂದುವುದಿಲ್ಲವೆಂಬ ಸಂದೇಶ ಬರುತ್ತದೆ, ಅಷ್ಟೇ. ಕನ್ಸೋಲ್‌ನ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಬದಲಿಸುವ ದಾರಿ ಇಲ್ಲ.

ಡಿವಿಡಿಯ ಲೆಕ್ಕ ಬೇರೆ. ಅದರಲ್ಲಿ ಅಮೆರಿಕ 1, ಜಪಾನ್ ಮತ್ತು ಪಶ್ಚಿಮ ಯುರೋಪ್ 2, ಭಾರತ 5. ಕಂಪ್ಯೂಟರಿನ ಡಿವಿಡಿ ಡ್ರೈವ್‌ನಲ್ಲಿ ರೀಜನ್ ಬದಲಿಸಲು ಐದೇ ಬಾರಿ ಅವಕಾಶ, ಆಮೇಲೆ ಅದು ಕೊನೆಯ ರೀಜನ್‌ನಲ್ಲಿಯೇ ನಿಂತುಬಿಡುತ್ತದೆ.

ಇಷ್ಟರಿಂದ ಆಸೆ ಬಿಡಬೇಕಾಗಿಲ್ಲ. ಕೆಲವು ಪ್ರಕಾಶಕರು ಬೀಗವಿಲ್ಲದೆ, ಎ, ಬಿ, ಸಿ ಮೂರಕ್ಕೂ ಹೊಂದುವಂತೆ ಡಿಸ್ಕ್ ತರುತ್ತಾರೆ. ಡಬ್ಬಿಯ ಹಿಂಬದಿಯಲ್ಲಿರುವ ಅಕ್ಷರದ ಚಿಹ್ನೆಯನ್ನು ನೋಡಿದರೆ ತಿಳಿಯುತ್ತದೆ. 4ಕೆ ಅಲ್ಟ್ರಾ ಎಚ್‌ಡಿ ಡಿಸ್ಕ್‌ಗಳಿಗಂತೂ ರೀಜನ್ ಬೀಗವೇ ಇಲ್ಲ. ಆದರೆ ಪ್ಲೇಸ್ಟೇಷನ್ 4 ಆ ಡಿಸ್ಕ್‌ಗಳನ್ನು ಓದುವುದಿಲ್ಲ, ಅದರ ಪ್ರೊ ಮಾದರಿಯೂ ಓದುವುದಿಲ್ಲ. ಡಿಸ್ಕ್ ಡ್ರೈವ್ ಇರುವ ಪ್ಲೇಸ್ಟೇಷನ್ 5 ಅಥವಾ ಪ್ರತ್ಯೇಕ 4ಕೆ ಪ್ಲೇಯರ್ ಬೇಕು. ಇನ್ನೊಂದು ಎಚ್ಚರಿಕೆ: ಒಂದೇ ಡಬ್ಬಿಯಲ್ಲಿ 4ಕೆ ಡಿಸ್ಕ್ ಮತ್ತು ಸಾಮಾನ್ಯ ಬ್ಲೂ-ರೇ ಎರಡೂ ಇದ್ದಾಗ ಮೊದಲನೆಯದು ಇಲ್ಲಿ ಓಡಿ ಎರಡನೆಯದು ಓಡದಿರುವ ಸಂಭವವಿದೆ, ಮತ್ತು ಸಂದರ್ಶನ, ಹಿನ್ನೆಲೆ ಚಿತ್ರಗಳಂಥ ಹೆಚ್ಚುವರಿ ಸಂಗತಿಗಳೆಲ್ಲ ಬಹುತೇಕ ಆ ಎರಡನೆಯದರಲ್ಲಿಯೇ ಇರುತ್ತವೆ.

ಪಟ್ಟಿ ದೊಡ್ಡದಾಗುವುದಿದ್ದರೆ ಎಲ್ಲ ರೀಜನ್‌ಗಳನ್ನೂ ಓದುವ ಪ್ಲೇಯರ್ ಒಂದನ್ನು ತಮ್ಮ ಅಕ್ಕನ ಮಗನಿಂದಲೇ ತರಿಸಿ. ಹಾಗೆ ತರಿಸುವಾಗ ಹಿಂಬದಿಯ ಪಟ್ಟಿಯಲ್ಲಿ ವಿದ್ಯುತ್ ವೋಲ್ಟೇಜ್ 100ರಿಂದ 240 ಎಂದು ಬರೆದಿದೆಯೇ ಎಂದು ನೋಡಿಸಿ. ಅಲ್ಲಿನ ವಿದ್ಯುತ್ 120 ವೋಲ್ಟ್, ನಮ್ಮದು 230. ಅಲ್ಲಿಗೆ ಮಾತ್ರ ಮಾಡಿದ ಯಂತ್ರವನ್ನು ಇಲ್ಲಿನ ಪ್ಲಗ್ಗಿಗೆ ನೇರವಾಗಿ ಹಾಕಿದರೆ ಒಳಗಿನ ವಿದ್ಯುತ್ ಭಾಗ ಸುಟ್ಟುಹೋಗುತ್ತದೆ.

ಉತ್ತರ: ರಾಬರ್ಟ್‌ಸನ್‌ಪೇಟೆ ಸಂಗ್ರಾಹಕ, ಕೆಜಿಎಫ್

ರೀಜನ್ ವಿಷಯವನ್ನು ಮೇಲಿನವರು ವಿವರವಾಗಿ ಹೇಳಿದ್ದಾರೆ. ಕೊಳ್ಳಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ, ಮತ್ತೆ ಮತ್ತೆ ನೋಡುವ ಕೃತಿಗಳನ್ನು ಖಂಡಿತ ಕೊಳ್ಳಿ ಎಂದು.

ತಮ್ಮ ಸರಣಿ ಕಾಣೆಯಾದದ್ದು ಅಪರೂಪದ ಸಂಗತಿಯೇನಲ್ಲ, ಒಟಿಟಿಯ ವ್ಯವಹಾರ ನಡೆಯುವುದೇ ಹಾಗೆ. ಇದಕ್ಕಿಂತ ಗಂಭೀರವಾದ ಉದಾಹರಣೆ ಫ್ಯುನಿಮೇಷನ್ ಎಂಬ ಅಮೆರಿಕದ ಅನಿಮೆ ಒಟಿಟಿ ಸೇವೆಯದು. 2021ರಲ್ಲಿ ಕ್ರಂಚಿರೋಲ್ ಕೂಡ ಸೋನಿಯ ಕೈಗೆ ಬಂದ ಮೇಲೆ ಎರಡನ್ನೂ ಒಂದುಗೂಡಿಸಲಾಯಿತು, 2024ರ ಏಪ್ರಿಲ್ 2ರಂದು ಫ್ಯುನಿಮೇಷನ್ ಜಾಲತಾಣ ಮುಚ್ಚಿತು. ಆ ಕಂಪನಿಯ ಡಿಸ್ಕ್ ಡಬ್ಬಿಗಳಲ್ಲಿ ಒಂದು ಸಂಕೇತ ಸಂಖ್ಯೆಯ ಚೀಟಿ ಇರುತ್ತಿತ್ತು, ಅದನ್ನು ನಮೂದಿಸಿದರೆ ಅದೇ ಸರಣಿಯ ಡಿಜಿಟಲ್ ಪ್ರತಿ ಖಾತೆಗೆ ಸೇರುತ್ತಿತ್ತು. ಸೇವೆ ಮುಚ್ಚಿದಾಗ ಆ ಡಿಜಿಟಲ್ ಪ್ರತಿಗಳು ಕ್ರಂಚಿರೋಲ್‌ಗೆ ವರ್ಗವಾಗಲಿಲ್ಲ. ಡಬ್ಬಿಯೊಳಗಿನ ಡಿಸ್ಕ್ ಮಾತ್ರ ಇಂದಿಗೂ ಓಡುತ್ತಿದೆ. ಹಣ ಕೊಟ್ಟದ್ದು ಎರಡಕ್ಕೂ, ಉಳಿದದ್ದು ಒಂದೇ.

ಸೇವೆಯಲ್ಲಿ ಕೃತಿ ಉಳಿದಾಗಲೂ ಅದರ ರೂಪ ಬದಲಾಗಬಹುದು. ನಿಯಾನ್ ಜೆನೆಸಿಸ್ ಇವಾಂಜೆಲಿಯನ್ 2019ರ ಜೂನ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದಾಗ ಪ್ರತಿ ಕಂತಿನ ಕೊನೆಗೆ ಬರುತ್ತಿದ್ದ ಫ್ಲೈ ಮಿ ಟು ದ ಮೂನ್ ಹಾಡು ಜಪಾನಿನ ಹೊರಗೆ ಹೆಚ್ಚಿನ ದೇಶಗಳಲ್ಲಿ ಇರಲಿಲ್ಲ, ಇಂಗ್ಲಿಷ್ ಧ್ವನಿಯೂ ಸಬ್‌ಟೈಟಲ್‌ಗಳೂ ಹೊಸದಾಗಿದ್ದವು. ಡಿಸ್ಕ್ ಎಂದ ಮಾತ್ರಕ್ಕೆ ಮೂಲರೂಪ ಸಿಕ್ಕೇಬಿಡುತ್ತದೆಂದು ನಂಬುವಂತೆಯೂ ಇಲ್ಲ, ಏಕೆಂದರೆ 2021ರಲ್ಲಿ ಅಮೆರಿಕದಲ್ಲಿ ಬಂದ ಅದೇ ಸರಣಿಯ ಬ್ಲೂ-ರೇಯಲ್ಲಿಯೂ ಆ ಹಾಡು ಇಲ್ಲ. ಆದ್ದರಿಂದ ಯಾವ ಮುದ್ರಣ, ಯಾವ ಪ್ರಕಾಶಕರದು, ಯಾವ ಧ್ವನಿಗಳಿವೆ ಎಂಬುದನ್ನು ಓದಿಯೇ ಪಟ್ಟಿಗೆ ಸೇರಿಸಿ.

ಚಿತ್ರದ ಗುಣಮಟ್ಟದ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕಿದೆ. ಬ್ಲೂ-ರೇಯ ಒಂದು ಪದರದಲ್ಲಿ 25 ಜಿಬಿ, ಎರಡು ಪದರದಲ್ಲಿ 50 ಜಿಬಿ ಹಿಡಿಯುತ್ತದೆ. ಚಿತ್ರದ ದತ್ತಾಂಶ ಸೆಕೆಂಡಿಗೆ 40 ಮೆಗಾಬಿಟ್‌ವರೆಗೆ ಹರಿಯಬಹುದು. ಒಟಿಟಿಯ 1080ಪಿ (ಪೂರ್ಣ ಎಚ್‌ಡಿ) ಚಿತ್ರ ಸಾಮಾನ್ಯವಾಗಿ ಇದರ ಸಣ್ಣದೊಂದು ಪಾಲಿನಲ್ಲಿಯೇ ಮುಗಿಯುತ್ತದೆ. ಅನಿಮೆಯಲ್ಲಿ ಈ ವ್ಯತ್ಯಾಸ ಕಾಣುವುದು ಮುಖಗಳಲ್ಲಿ ಅಲ್ಲ, ಆಕಾಶದಲ್ಲಿ. ಮಕೋಟೊ ಶಿಂಕಾಯ್ ಅವರ ಯುವರ್ ನೇಮ್ ಚಲನಚಿತ್ರದಲ್ಲಿ ಧೂಮಕೇತು ಬೀಳುವ ರಾತ್ರಿಯ ದೃಶ್ಯವನ್ನು ಕೋಣೆಯ ದೀಪ ಆರಿಸಿ ನೋಡಿ. ಕಡುನೀಲಿಯಿಂದ ನೇರಳೆಗೆ ತಿರುಗುವ ಬಣ್ಣ ಒಟಿಟಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಒಡೆದು ಕಾಣುತ್ತದೆ, ಒಳ್ಳೆಯ ಡಿಸ್ಕ್‌ನಲ್ಲಿ ಅದು ಬಹುಮಟ್ಟಿಗೆ ಒಂದೇ ಹರವಾಗಿ ಇಳಿಯುತ್ತದೆ. ಮಳೆಯ ದೃಶ್ಯಗಳಲ್ಲಿಯೂ ಹಾಗೆಯೇ, ಒಟಿಟಿಯಲ್ಲಿ ಹನಿಗಳ ಅಂಚು ಕಲಸಿಹೋಗುತ್ತದೆ.

ಎಲ್ಲ ಬ್ಲೂ-ರೇಗಳೂ ಇಂಥವಲ್ಲ. 1998ರ ಕೌಬಾಯ್ ಬಿಬಾಪ್‌ನಂಥ ಸರಣಿಗಳನ್ನು ಪಾರದರ್ಶಕ ಹಾಳೆಗಳ ಮೇಲೆ ಬಿಡಿಸಿ ಫಿಲ್ಮ್‌ಗೆ ಚಿತ್ರೀಕರಿಸಿದ್ದರು. ಆ ಫಿಲ್ಮನ್ನು ಮತ್ತೆ ಸ್ಕ್ಯಾನ್ ಮಾಡಿದರೆ ನಿಜವಾದ ಎಚ್‌ಡಿ ಸಿಗುತ್ತದೆ. 2000ದ ಆಸುಪಾಸಿನಲ್ಲಿ ಸ್ಟುಡಿಯೋಗಳು ಕಂಪ್ಯೂಟರ್ ಬಣ್ಣಗಾರಿಕೆಗೆ ಹೊರಳಿದಾಗ ಮುಂದಿನ ಕೆಲವು ವರ್ಷಗಳ ಬಹಳಷ್ಟು ಟಿ.ವಿ. ಸರಣಿಗಳು ಹಳೆಯ ಟಿ.ವಿ. ಅಳತೆಯಲ್ಲಿಯೇ ತಯಾರಾದವು. 2003ರ ಫುಲ್‌ಮೆಟಲ್ ಆಲ್ಕೆಮಿಸ್ಟ್ ಅಂಥದ್ದು. ಅವುಗಳ ಬ್ಲೂ-ರೇ ಎಂದರೆ ಚಿಕ್ಕ ಚಿತ್ರವನ್ನು ಹಿಗ್ಗಿಸಿದ್ದು, ಹಾಗಾಗಿ ರಿಯಾಯಿತಿ ಚೆನ್ನಾಗಿದ್ದರೆ ಮಾತ್ರ ತೆಗೆದುಕೊಳ್ಳಬೇಕು. 2009ರಲ್ಲಿ ಆರಂಭವಾದ ಅದರ ಬ್ರದರ್‌ಹುಡ್ ಸರಣಿ ಎಚ್‌ಡಿ ಕಾಲದ್ದು, ಅದಕ್ಕೆ ಈ ಮಾತು ಅನ್ವಯಿಸುವುದಿಲ್ಲ.

ಅಮೆರಿಕದ ಡಿಸ್ಕ್‌ಗಳು ಜಪಾನಿನವುಗಳಿಗಿಂತ ಎಷ್ಟೋ ಅಗ್ಗ ಎಂಬುದನ್ನೂ ಗಮನಿಸಿ. ಜಪಾನಿನಲ್ಲಿ ಎರಡು ಮೂರು ಕಂತುಗಳ ಒಂದು ಸಂಪುಟಕ್ಕೇ ಸಾವಿರಾರು ಯೆನ್ ಕೊಡಬೇಕಾಗುತ್ತದೆ, ಅಮೆರಿಕದಲ್ಲಿ ಹನ್ನೆರಡೋ ಹದಿಮೂರೋ ಕಂತುಗಳ ಇಡೀ ಸರಣಿ ಒಂದೇ ಡಬ್ಬಿಯಲ್ಲಿ ಬರುತ್ತದೆ. ಮೊದಲು ಬರುವ ವಿಶೇಷ ಆವೃತ್ತಿಯಲ್ಲಿ ಚಿತ್ರಗಳ ಪುಸ್ತಕ, ಗಟ್ಟಿ ರಟ್ಟಿನ ಪೆಟ್ಟಿಗೆ ಇರುತ್ತವೆ, ಬೆಲೆಯೂ ಹೆಚ್ಚು. ಕೆಲವು ಕಾಲದ ನಂತರ ಅದೇ ಡಿಸ್ಕ್‌ಗಳು ಸಾದಾ ಡಬ್ಬಿಯಲ್ಲಿ ಬರುತ್ತವೆ, ನವೆಂಬರಿನಲ್ಲಿ ಬೆಲೆ ಇಳಿಯುವುದು ಹೆಚ್ಚಾಗಿ ಇವಕ್ಕೆ. ಅಲ್ಲಿ 1987ರಿಂದ ನಡೆದುಬಂದಿದ್ದ ರೈಟ್ ಸ್ಟಫ್ ಎಂಬ ಅನಿಮೆ ಮಳಿಗೆ ಇಂಥ ಮಾರಾಟಗಳಿಗೆ ಹೆಸರಾಗಿತ್ತು. 2022ರಲ್ಲಿ ಕ್ರಂಚಿರೋಲ್ ಅದನ್ನು ಕೊಂಡು, ಮರುವರ್ಷ ತನ್ನ ಅಂಗಡಿಯಲ್ಲಿ ವಿಲೀನ ಮಾಡಿಕೊಂಡಿತು. ನನಗೆ ಅದು ನಿಜಕ್ಕೂ ಬೇಸರ ತಂದ ಸಂಗತಿ, ಏಕೆಂದರೆ ಅನಿಮೆಯನ್ನೇ ನಂಬಿ ಬೆಳೆದ ಸ್ವತಂತ್ರ ಅಂಗಡಿಯೊಂದು ಹಾಗೆ ಇಲ್ಲವಾಯಿತು.

ಉತ್ತರ: ನಂದಿಯ ತಪ್ಪಲು, ಚಿಕ್ಕಬಳ್ಳಾಪುರ

ಸಂಗ್ರಾಹಕರ ಮಾತನ್ನು ಗೌರವಿಸುತ್ತಲೇ ನಾನು ಸ್ವಲ್ಪ ಬೇರೆ ಅಭಿಪ್ರಾಯ ಹೇಳುತ್ತೇನೆ. ಭಾರತದಲ್ಲಿ 2022ರಲ್ಲಿ ಕ್ರಂಚಿರೋಲ್ ತನ್ನ ಚಂದಾವನ್ನು ತಿಂಗಳಿಗೆ 79 ರೂಪಾಯಿಯವರೆಗೆ ಇಳಿಸಿತು. ಒಂದು ರಿಯಾಯಿತಿ ಡಿಸ್ಕ್‌ನ ಬೆಲೆಯಲ್ಲಿ ವರ್ಷವಿಡೀ ನೂರಾರು ಸರಣಿಗಳನ್ನು ನೋಡಬಹುದು, ಅದೂ ಜಪಾನಿನಲ್ಲಿ ಪ್ರಸಾರವಾದ ಕೆಲವೇ ಗಂಟೆಗಳಲ್ಲಿ. ಹಿಂದಿ, ತಮಿಳು, ತೆಲುಗು ಧ್ವನಿಗಳೂ ಅಲ್ಲಿ ಸಿಗುತ್ತವೆ, ಅಮೆರಿಕದ ಡಿಸ್ಕ್‌ನಲ್ಲಿ ಸಾಮಾನ್ಯವಾಗಿ ಇರುವುದು ಜಪಾನಿ ಮತ್ತು ಇಂಗ್ಲಿಷ್ ಮಾತ್ರ. ನಮ್ಮ ಮನೆಯ ಹಿರಿಯರು ಅನಿಮೆ ನೋಡಲು ಆರಂಭಿಸಿದ್ದೇ ತೆಲುಗು ಧ್ವನಿಯಿಂದ. ಸ್ಟುಡಿಯೋ ಜಿಬ್ಲಿಯ ಚಿತ್ರಗಳು 2020ರಿಂದ ನಮ್ಮ ದೇಶದ ನೆಟ್‌ಫ್ಲಿಕ್ಸ್‌ಗೆ ಬಂದವು. ಆದ್ದರಿಂದ ಇನ್ನೂ ನೋಡದ ಸರಣಿಯನ್ನು ಅರ್ಧ ಬೆಲೆ ಎಂಬ ಒಂದೇ ಕಾರಣಕ್ಕೆ ಕೊಳ್ಳಬೇಡಿ. ಮೊದಲು ಒಟಿಟಿಯಲ್ಲಿ ನೋಡಿ, ವರ್ಷ ಕಳೆದ ಮೇಲೂ ಮನಸ್ಸು ಅದನ್ನೇ ಬಯಸಿದರೆ ಆಗ ಡಿಸ್ಕ್ ತರಿಸಿ.

ಅಂಚೆಯಲ್ಲಿ ತರಿಸುವ ಯೋಚನೆಯಿದ್ದರೆ ಅದನ್ನಂತೂ ಬಿಟ್ಟುಬಿಡಿ. ಸಾಗಣೆ ವೆಚ್ಚ, ಆಮದು ಸುಂಕ, ಜಿಎಸ್‌ಟಿ, ಅದರ ಮೇಲೆ ಕೊರಿಯರ್‌ನವರ ನಿರ್ವಹಣಾ ಶುಲ್ಕ ಸೇರಿದರೆ ಅರ್ಧ ಬೆಲೆಯ ಡಿಸ್ಕ್ ಪೂರ್ಣ ಬೆಲೆಯನ್ನು ದಾಟುತ್ತದೆ. ಕೈಯಲ್ಲಿ ತರುವವರು ಸಿಕ್ಕಿರುವುದೇ ತಮಗಿರುವ ನಿಜವಾದ ರಿಯಾಯಿತಿ.

ಪ್ರಶ್ನೆ ಕೇಳಿದವರು: ಶೆಟ್ಟಿಹಳ್ಳಿ ವೀಕ್ಷಕ

ಎಲ್ಲರಿಗೂ ಕೃತಜ್ಞತೆಗಳು. ರೀಜನ್ ಬೀಗದ ವಿಷಯ ತಿಳಿಯದೆ ಪಟ್ಟಿ ಕಳುಹಿಸಿದ್ದರೆ ಡಿಸ್ಕ್‌ಗಳು ಕಪಾಟಿನಲ್ಲಿ ಕೂರುತ್ತಿದ್ದವು. ಮಗಳೊಂದಿಗೆ ಚರ್ಚಿಸಿ, ಎಲ್ಲ ರೀಜನ್ ಓದುವ ಪ್ಲೇಯರ್ ಒಂದನ್ನು ತರಿಸುವುದೆಂದೂ, ಈಗಾಗಲೇ ನೋಡಿ ಮೆಚ್ಚಿದ ಕೃತಿಗಳನ್ನಷ್ಟೇ ಕೊಳ್ಳುವುದೆಂದೂ ನಿರ್ಧರಿಸಿದ್ದೇವೆ. ಕೌಬಾಯ್ ಬಿಬಾಪ್, ಬ್ರದರ್‌ಹುಡ್, ಯುವರ್ ನೇಮ್ ಮೂರೂ ಪಟ್ಟಿಯ ಮೇಲ್ಭಾಗದಲ್ಲಿವೆ. ಅಕಿರಾ ಚಲನಚಿತ್ರದ 4ಕೆ ಡಿಸ್ಕ್ ಬೇಕೆಂದು ಮಗಳ ಆಸೆ, ಆದರೆ ಅದಕ್ಕೆ 4ಕೆ ಓದುವ ಪ್ಲೇಯರ್ ಬೇಕಾಗುವುದರಿಂದ ಎರಡರ ಬೆಲೆಯನ್ನೂ ಹೋಲಿಸಿ ನೋಡಬೇಕು. ಕೊಂಡ ಮೇಲೆ ಅಲ್ಲಿಯೇ ಪರೀಕ್ಷಿಸಿ ತರಬೇಕೇ, ಅಥವಾ ಸೀಲ್ ಒಡೆಯದೆ ತರುವುದು ಒಳ್ಳೆಯದೇ?

ಉತ್ತರ: ರಾಬರ್ಟ್‌ಸನ್‌ಪೇಟೆ ಸಂಗ್ರಾಹಕ, ಕೆಜಿಎಫ್

ಸೀಲ್ ಒಡೆದು ಅಲ್ಲಿಯೇ ಪರೀಕ್ಷಿಸಬೇಕು. ದೋಷವಿರುವ ಡಿಸ್ಕನ್ನು ಬದಲಾಯಿಸಿಕೊಳ್ಳಲು ಅಂಗಡಿಯವರು ಕೊಡುವ ಗಡುವು ನವೆಂಬರಿನ ಖರೀದಿಗೆ ಸಂಕ್ರಾಂತಿಯವರೆಗೆ ಇರಲಿಕ್ಕಿಲ್ಲ, ತುಮಕೂರಿನಿಂದ ವಾಪಸು ಕಳುಹಿಸುವುದು ಲಾಭದ ಮಾತೂ ಅಲ್ಲ. ಡಬ್ಬಿ ಅಲುಗಾಡಿಸಿದಾಗ ಒಳಗೆ ಸದ್ದು ಬಂದರೆ, ಡಿಸ್ಕ್ ಹಿಡಿದಿಡುವ ನಡುವಿನ ಹಲ್ಲುಗಳು ಮುರಿದು ಡಿಸ್ಕ್ ಸಡಿಲವಾಗಿ ಓಡಾಡಿರುತ್ತದೆ. ಅಂಥದ್ದರ ಕೆಳಮೈಯನ್ನು ದೀಪಕ್ಕೆ ಓರೆಯಾಗಿ ಹಿಡಿದು ಗೀರುಗಳಿವೆಯೇ ಎಂದು ನೋಡಬೇಕು. ಡಬ್ಬಿಯ ಮೇಲೆ ಬರೆದಷ್ಟು ಡಿಸ್ಕ್‌ಗಳು ಒಳಗಿವೆಯೇ, ಒಂದೇ ಡಿಸ್ಕ್ ಎರಡು ಸಲ ಸೇರಿಕೊಂಡಿದೆಯೇ ಎಂಬುದನ್ನೂ ಗಮನಿಸಲಿ. ಪ್ರತಿಯೊಂದನ್ನೂ ಪ್ಲೇಯರ್‌ಗೆ ಹಾಕಿ ನಡುವಿನ ಭಾಗವನ್ನೂ ಕೊನೆಯ ಕಂತಿನ ಕೊನೆಯ ಭಾಗವನ್ನೂ ಓಡಿಸಿ ನೋಡುವುದು ಒಳ್ಳೆಯದು. ಡಿಸ್ಕ್‌ನ ಮೊದಲ ಪದರದ ದತ್ತಾಂಶ ಒಳಗಿನಿಂದ ಹೊರಕ್ಕೆ, ಎರಡನೆಯ ಪದರದ್ದು ಹೊರಗಿನಿಂದ ಒಳಕ್ಕೆ ಬರೆದಿರುವುದರಿಂದ, ಅಂಚಿನ ದೋಷ ಒಂದು ಪದರದ ತುಂಬಿದ ಡಿಸ್ಕ್‌ನಲ್ಲಿ ಕೊನೆಗೆ, ಎರಡು ಪದರದ್ದರಲ್ಲಿ ನಡುವಿನಲ್ಲಿ ಕಾಣಿಸಿಕೊಳ್ಳಬಹುದು.

ಪ್ಲೇಯರನ್ನು ಕೈಚೀಲದಲ್ಲಿ, ಡಿಸ್ಕ್‌ಗಳನ್ನು ಬಟ್ಟೆಗಳ ನಡುವೆ ದೊಡ್ಡ ಪೆಟ್ಟಿಗೆಯಲ್ಲಿ ಇಡಲು ಹೇಳಿ. ಬಿಲ್ಲುಗಳು ಜೊತೆಗಿರಲಿ, ಬೆಂಗಳೂರಿನ ಕಸ್ಟಮ್ಸ್‌ನಲ್ಲಿ ಕೇಳಿದರೆ ತೋರಿಸಲು ಬೇಕಾಗುತ್ತವೆ. ಪಟ್ಟಿ ಅಂತಿಮವಾದ ಮೇಲೆ ಪ್ರಕಾಶಕರ ಹೆಸರಿನೊಂದಿಗೆ ಇಲ್ಲಿ ಹಾಕಿದರೆ, ಯಾವುದು ಯಾವ ರೀಜನ್‌ನದು, ಯಾವುದರ ಸಾದಾ ಆವೃತ್ತಿ ಬಂದಿದೆ ಎಂಬುದನ್ನು ನೋಡಿ ತಿಳಿಸುತ್ತೇನೆ.