ಬಂಗಾಳಿಯ ‘ಪ್ರವಾಸಿ ಸರ್ಕಾರ’ಕ್ಕೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

1971ರ ಬಾಂಗ್ಲಾದೇಶದ ಮುಜಿಬ್‌ನಗರ ಸರ್ಕಾರದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಪಾಕಿಸ್ತಾನದಿಂದ ಬಿಡುಗಡೆಗಾಗಿ ನಡೆದ ಯುದ್ಧದ ಹೊತ್ತಲ್ಲಿ, ದೇಶದ ಹೊರಗಿದ್ದುಕೊಂಡು ಕೆಲಸ ಮಾಡಿದ ಸರ್ಕಾರ ಅದು. ನಾಲ್ಕು ದಿನದಿಂದ ಒಂದೇ ಪದದ ಹತ್ತಿರ ನಿಂತುಬಿಟ್ಟಿದ್ದೇನೆ. ಬಂಗಾಳಿಗಳು ಅದನ್ನು ‘ಪ್ರವಾಸಿ ಸರ್ಕಾರ’ ಅಂತಾರೆ. ಅವರ ಬಾಯಲ್ಲಿ ಅದು ‘ಪ್ರೊಬಾಶಿ ಶೊರ್ಕಾರ್’. ಅಕ್ಷರಕ್ಕೆ ಅಕ್ಷರ ನಮ್ಮದೇ ಪದ. ಆದರೆ ನಮ್ಮಲ್ಲಿ ಪ್ರವಾಸಿ ಅಂದರೆ ಊರು ನೋಡಲು ಬಂದವನು, ಪ್ರವಾಸಿ ಮಂದಿರದಲ್ಲಿ ತಂಗುವವನು. ಮನೆಯಿಂದ ದೂರ ವಾಸ ಮಾಡುವವನು ಅನ್ನೋ ಹಳೆಯ ಅರ್ಥವನ್ನು ಬಂಗಾಳಿ ಉಳಿಸಿಕೊಂಡಿದೆ, ನಾವು ಬಿಟ್ಟಿದ್ದೇವೆ.

ಪತ್ರಿಕೆಗಳಲ್ಲಿ ‘ದೇಶಭ್ರಷ್ಟ ಸರ್ಕಾರ’ ಅಂತ ಓದಿದ್ದೇನೆ, ಟಿಬೆಟಿಯನ್ನರ ಸುದ್ದಿಯಲ್ಲಿ ಜಾಸ್ತಿ. ಪದಭ್ರಷ್ಟ, ರಾಜ್ಯಭ್ರಷ್ಟ ಅನ್ನುವಾಗ ಭ್ರಷ್ಟ ಅಂದರೆ ಕಳೆದುಕೊಂಡವನು, ಸರಿ. ಆದರೆ ಇವತ್ತು ‘ಸರ್ಕಾರ’ದ ಪಕ್ಕ ‘ಭ್ರಷ್ಟ’ ಕೂತರೆ ಲಂಚವೇ ನೆನಪಾಗುತ್ತೆ ಅಲ್ವಾ? ನನ್ನ ತಂಗಿ ಕರಡು ಓದಿ, “ಇವರೂ ದುಡ್ಡು ತಿಂದ್ರಾ?” ಅಂತ ಕೇಳಿದಳು. ಮನಸ್ಸಿಗೆ ಚುಚ್ಚಿತು. ಆ ಸರ್ಕಾರದ ಪ್ರಧಾನಿ ತಾಜುದ್ದೀನ್ ಅಹ್ಮದ್ ಕಲ್ಕತ್ತೆಯ 8, ಥಿಯೇಟರ್ ರಸ್ತೆಯ ಕಚೇರಿಯಲ್ಲೇ ಮಲಗುತ್ತಿದ್ದರು. ಹೆಂಡತಿ ಮಕ್ಕಳು ಅದೇ ಊರಲ್ಲಿದ್ದರೂ, ಯುದ್ಧ ಮುಗಿಯುವ ತನಕ ಅವರ ಜೊತೆ ಇರುವುದಿಲ್ಲ ಅಂತ ತೀರ್ಮಾನಿಸಿದ್ದರು. ತಮ್ಮ ಬಟ್ಟೆ ತಾವೇ ಒಗೆದುಕೊಳ್ಳುತ್ತಿದ್ದರು. ಅಂಥವರ ಹೆಸರಿನ ಮುಂದೆ ಆ ಪದ ಇಡಲು ಕೈ ಬರುತ್ತಿಲ್ಲ.

‘ಗಡೀಪಾರು ಸರ್ಕಾರ’ವೂ ಬೇಡ. ಅದು ರೌಡಿಗಳಿಗೆ ಕೊಡುವ ಶಿಕ್ಷೆ. ಇವರನ್ನು ಯಾರೂ ಆದೇಶ ಹೊರಡಿಸಿ ಆಚೆ ಕಳಿಸಿರಲಿಲ್ಲ. ಮಾರ್ಚ್ 25ರ ರಾತ್ರಿ ಪಾಕಿಸ್ತಾನಿ ಸೇನೆ ಢಾಕಾದಲ್ಲಿ ಕೊಲ್ಲಲು ಶುರು ಮಾಡಿದ ಮೇಲೆ ಗಡಿ ದಾಟಿದರು. ಏಪ್ರಿಲ್ 10ಕ್ಕೆ ಸರ್ಕಾರ ರಚಿಸಿದರು. 17ಕ್ಕೆ ತಮ್ಮ ನೆಲಕ್ಕೇ ವಾಪಸ್ ಬಂದು, ಮೆಹರ್‌ಪುರದ ಬೈದ್ಯನಾಥತಲಾದ ಮಾವಿನ ತೋಪಿನಲ್ಲಿ ಪ್ರಮಾಣವಚನ ತಗೊಂಡರು. ಅಕ್ಕಪಕ್ಕದ ಮನೆಗಳಿಂದ ಕುರ್ಚಿ ತಂದು ಹಾಕಿದ್ದರು. ಆ ಜಾಗಕ್ಕೇ ಮುಜಿಬ್‌ನಗರ ಅಂತ ಹೆಸರಾಯಿತು. ಕೆಲಸ ನಡೆದಿದ್ದು ಮಾತ್ರ ಕಲ್ಕತ್ತೆಯಿಂದ, ಡಿಸೆಂಬರ್ 22ರಂದು ಢಾಕಾಗೆ ಮರಳುವ ತನಕ.

ಹಾಗಾಗಿ ನನ್ನ ಒಲವು ‘ಹೊರನಾಡ ಸರ್ಕಾರ’ದ ಕಡೆಗೆ. ಬಂಗಾಳಿಯ ‘ಪ್ರವಾಸಿ ಬಂಗಾಳಿ’ ಅಂದರೆ ನಮ್ಮ ‘ಹೊರನಾಡ ಕನ್ನಡಿಗ’ನೇ. ಮುಂಬೈಯಲ್ಲಿದ್ದರೂ ಅವನು ಕನ್ನಡಿಗ. ಹಾಗೇ, ಕಲ್ಕತ್ತೆಯಲ್ಲಿದ್ದರೂ ಇದು ಬಾಂಗ್ಲಾದೇಶದ ಸರ್ಕಾರ. ಒಂದೇ ತೊಡಕು: ಸುಮ್ನೆ ‘ಹೊರನಾಡ ಸರ್ಕಾರ’ ಅಂದರೆ ಬೇರೆ ಯಾವುದೋ ದೇಶದ ಸರ್ಕಾರ ಅಂತ ಕೇಳಿಸಬಹುದು. ‘ಹೊರನಾಡಲ್ಲಿದ್ದ ಬಾಂಗ್ಲಾ ಸರ್ಕಾರ’ ಅಂತ ಬಿಡಿಸಿ ಬರೆಯಲೇ? ‘ಪರದೇಶಿ ಸರ್ಕಾರ’ ಅಂತೂ ಆಗಲ್ಲ, ಹೇಳೋರು ಕೇಳೋರು ಇಲ್ಲದ ಅನಾಥ ಅನ್ನೋ ಹಾಗಾಗುತ್ತೆ.

ಇನ್ನೊಂದು ಚಿಕ್ಕ ಅನುಮಾನ. ಈ ಸರ್ಕಾರದ ರಾಷ್ಟ್ರಪತಿ ಶೇಖ್ ಮುಜಿಬುರ್ ರೆಹಮಾನ್ ಪಾಕಿಸ್ತಾನದ ಜೈಲಿನಲ್ಲಿದ್ದರು. ಅವರ ಜಾಗದಲ್ಲಿ ಸೈಯದ್ ನಜ್ರುಲ್ ಇಸ್ಲಾಂ ‘ಅಸ್ಥಾಯಿ ರಾಷ್ಟ್ರಪತಿ’. ಇದಕ್ಕೆ ‘ಹಂಗಾಮಿ ರಾಷ್ಟ್ರಪತಿ’ ಒಪ್ಪುತ್ತೆ ಅಂದುಕೊಂಡಿದ್ದೇನೆ. ಆದರೆ ಈ ಸರ್ಕಾರಕ್ಕೆ ಬಂಗಾಳಿಯಲ್ಲಿರುವ ಇನ್ನೊಂದು ಹೆಸರು ‘ಅಸ್ಥಾಯಿ ಸರ್ಕಾರ’ವನ್ನೂ ‘ಹಂಗಾಮಿ ಸರ್ಕಾರ’ ಮಾಡಿದರೆ, ಚುನಾವಣೆ ಮುಗಿಯುವವರೆಗೆ ಕುರ್ಚಿ ಕಾಯುವ ಸರ್ಕಾರ ಅನ್ನಿಸುತ್ತೆ. ಸರ್ಕಾರಕ್ಕೆ ‘ತಾತ್ಕಾಲಿಕ’ ಇಟ್ಟು, ರಾಷ್ಟ್ರಪತಿಗೆ ಮಾತ್ರ ‘ಹಂಗಾಮಿ’ ಉಳಿಸಿಕೊಂಡರೆ ಓದುಗರಿಗೆ ಗೊಂದಲ ಆಗುತ್ತಾ?