ವೈರಿನ ಮ್ಯಾಗ್ನೆಟಿಕ್ ಡ್ರಿಲ್: 32 ಮಿ.ಮೀ. ಸಾಕೇ, 50 ಮಿ.ಮೀ. ಬೇಕೇ?

ಗೋಕುಲ ರಸ್ತೆ ವರ್ಕ್‌ಶಾಪ್, ಹುಬ್ಬಳ್ಳಿ
ನಮ್ಮದು ಆರು ಜನರ ಚಿಕ್ಕ ಫ್ಯಾಬ್ರಿಕೇಷನ್ ಘಟಕ. ಬೋಲ್ಟಿನ ರಂಧ್ರಗಳನ್ನೆಲ್ಲ ಇದುವರೆಗೆ ಒಂದೇ ಕಡೆ ನೆಟ್ಟಿರುವ ರೇಡಿಯಲ್ ಡ್ರಿಲ್ಲಿನಲ್ಲೇ ಹಾಕುತ್ತಿದ್ದೆವು. ಈಗ ಒಪ್ಪಿಕೊಂಡಿರುವ ಗೋದಾಮಿನ ಕೆಲಸದಲ್ಲಿ ಒಂಬತ್ತು ಮೀಟರ್ ಉದ್ದದ ಐಎಸ್‌ಎಂಬಿ 300 (‘ಐ’ ಆಕಾರದ, 300 ಮಿ.ಮೀ. ಎತ್ತರದ ಉಕ್ಕಿನ) ತೊಲೆಗಳಿವೆ. ಒಂದೊಂದೂ 400 ಕಿಲೋ ಆಸುಪಾಸು ತೂಗುವುದರಿಂದ, ತೊಲೆಯನ್ನು ಯಂತ್ರದ ಬಳಿಗೆ ಎಳೆಯುವ ಬದಲು ಅಯಸ್ಕಾಂತದ ಬುಡದಿಂದ ಉಕ್ಕಿಗೇ ಅಂಟಿ ನಿಲ್ಲುವ ಮ್ಯಾಗ್ನೆಟಿಕ್ ಡ್ರಿಲ್ ಕೊಂಡು ಯಂತ್ರವನ್ನೇ ತೊಲೆಯ ಬಳಿಗೆ ಒಯ್ಯುವುದು ಮೇಲೆಂದು ತೀರ್ಮಾನಿಸಿದ್ದೇವೆ. ರಂಧ್ರಗಳು ಬಹುಪಾಲು ಎಂ20 ಬೋಲ್ಟಿಗೆ 22 ಮಿ.ಮೀ., ಕೆಲವು ಎಂ24ಕ್ಕೆ 26 ಮಿ.ಮೀ. ನನ್ನ ಪಟ್ಟಿಯಲ್ಲಿ ಮೆಟಾಬೊ ಮ್ಯಾಗ್ 32 (ಅಂಕಿಯೆಂದರೆ ಹಾಕಬಹುದಾದ ಅತಿ ದೊಡ್ಡ ರಂಧ್ರ, ಮಿ.ಮೀ.ಗಳಲ್ಲಿ), ಅದೇ ಕಂಪನಿಯ ಮ್ಯಾಗ್ 50, ಮತ್ತು ಹೆಚ್ಚುಕಡಿಮೆ ಅರ್ಧ ಬೆಲೆಗೆ ಸಿಗುವ, ಮೈಮೇಲೆ 50 ಎಂದು ಬರೆದಿರುವ ಹೆಸರಿಲ್ಲದ ಒಂದು ಯಂತ್ರ ಇವೆ. ನಿತ್ಯ ಬಳಸುವವರು ದಯವಿಟ್ಟು ಅಭಿಪ್ರಾಯ ತಿಳಿಸಬೇಕು.

ತೋರಣಗಲ್ಲು ಸೈಟ್
ನಕ್ಷೆಯಲ್ಲಿ ಅತಿ ದೊಡ್ಡ ರಂಧ್ರ 26 ಮಿ.ಮೀ. ಎಂದಾದರೆ 32ರ ಯಂತ್ರವೇ ಸಾಕು. ದಿನಕ್ಕೆ ನಲವತ್ತು ಸಲ ಯಂತ್ರವನ್ನು ಎತ್ತಿ ಇಡುವವನ ಸೊಂಟಕ್ಕೆ ಎರಡು ಮೂರು ಕಿಲೋ ವ್ಯತ್ಯಾಸವೂ ಸಂಜೆಯ ಹೊತ್ತಿಗೆ ಗೊತ್ತಾಗುತ್ತದೆ. ನಾನು ಏಳು ವರ್ಷಗಳಿಂದ ಈ ವರ್ಗದ ಯಂತ್ರದಲ್ಲೇ ಕೆಲಸ ಮಾಡುತ್ತಿದ್ದು, ಗಂಟ್ರಿಯ ಮೇಲೆ ನಿಂತು ತೂತು ಹಾಕುವ ಪ್ರಸಂಗ ಬಂದಾಗಲೆಲ್ಲ ಹಗುರ ಯಂತ್ರ ಕೊಂಡದ್ದಕ್ಕೆ ಸಮಾಧಾನಪಟ್ಟಿದ್ದೇನೆ. 1000 ವಾಟ್ ಮೋಟಾರು 22ರ ಕಟರನ್ನು ತಿರುಗಿಸಲು ಧಾರಾಳ.

ಬೊಮ್ಮಸಂದ್ರದ ಫಿಟ್ಟರ್
ಇಲ್ಲಿ ನನ್ನ ತಕರಾರಿದೆ. ಯಂತ್ರದ ಮೇಲೆ ಬರೆದ 32 ಎಂಬುದು ಅದರ ಕೊನೆಯ ಮಿತಿ. ದಿನವಿಡೀ ಆ ಮಿತಿಯ ಹತ್ತಿರವೇ ದುಡಿಸಿದರೆ ಮೋಟಾರು ಬಿಸಿಯಾಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ವೇಗ. ಸಾಮಾನ್ಯ ಉಕ್ಕಿನಲ್ಲಿ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಕಟರಿನ ಅಂಚು ನಿಮಿಷಕ್ಕೆ 30 ಮೀಟರ್ ಸಾಗಲಿ ಎಂದು ಲೆಕ್ಕ ಹಾಕಿದರೆ, 14 ಮಿ.ಮೀ. ಕಟರಿಗೆ ನಿಮಿಷಕ್ಕೆ ಸುಮಾರು 680 ಸುತ್ತು ಬೇಕು. 22ಕ್ಕೆ 430 ಸಾಕು, 26ಕ್ಕೆ 370, 32ಕ್ಕೆ 300. ಮ್ಯಾಗ್ 32ರಲ್ಲಿ ಒಂದೇ ಗೇರು, ಮ್ಯಾಗ್ 50ರಲ್ಲಿ ಎರಡು ಇರುವುದರಿಂದ ದೊಡ್ಡ ಕಟರಿಗೆ ವೇಗ ಇಳಿಸಬಹುದು. ದೊಡ್ಡ ಕಟರನ್ನು ಅಗತ್ಯಕ್ಕಿಂತ ವೇಗವಾಗಿ ತಿರುಗಿಸುವವನು ಯಂತ್ರದಲ್ಲಿ ಉಳಿಸಿದ ಹಣವನ್ನು ಕಟರ್ ಅಂಗಡಿಗೆ ಕಂತಿನಲ್ಲಿ ಕಟ್ಟುತ್ತಾನೆ.

ತೋರಣಗಲ್ಲು ಸೈಟ್
ಲೆಕ್ಕ ಸರಿಯಾಗಿದೆ, ಆದರೆ ಕಟರ್ ಮೊಂಡಾಗುವುದಕ್ಕೆ ವೇಗವೊಂದೇ ಕಾರಣವೆಂಬುದನ್ನು ನಾನು ಒಪ್ಪಲಾರೆ. ನಮ್ಮ ಸೈಟಿನಲ್ಲಿ ಹಲ್ಲು ಮುರಿದ ಕಟರುಗಳನ್ನು ಒಮ್ಮೆ ಸಾಲಾಗಿ ಇಟ್ಟು ವಿಚಾರಿಸಿದಾಗ ಹೊರಬಿದ್ದ ಕಾರಣಗಳು ಎರಡೇ. ಮೊದಲ ಎರಡು ಮಿ.ಮೀ. ಇಳಿಯುವವರೆಗೆ ಮೆಲ್ಲಗೆ ಒತ್ತಬೇಕಾದವರು ಹಿಡಿಯ ಮೇಲೆ ಭಾರ ಹಾಕಿದ್ದರು. ಉಳಿದವರು ಎರಡು ಪ್ಲೇಟುಗಳನ್ನು ಒಂದರ ಮೇಲೊಂದು ಇಟ್ಟು ಒಂದೇ ಏಟಿಗೆ ತೂತು ಹಾಕಲು ಹೋಗಿದ್ದರು. ಬ್ರೋಚ್ ಕಟರ್, ಅಂದರೆ ರಂಧ್ರದ ಅಂಚನ್ನಷ್ಟೇ ಕೊರೆಯುವ ಟೊಳ್ಳು ಕಟರಿನ ಒಳಗೆ ಮೇಲಿನ ಪ್ಲೇಟಿನ ಬಿಲ್ಲೆ ಸಿಕ್ಕಿಕೊಂಡು ತಿರುಗತೊಡಗಿದರೆ ಕೆಳಗಿನ ಪ್ಲೇಟು ಕತ್ತರಿಸುವುದೇ ಇಲ್ಲ, ಒತ್ತಿದಷ್ಟೂ ಹಲ್ಲು ಹೋಗುತ್ತದೆ. ಇದಕ್ಕೆ ಎರಡು ಗೇರಿನಲ್ಲಿ ಪರಿಹಾರವಿಲ್ಲ.

ಸಲಕರಣೆ ರಿಪೇರಿ, ಶಿವಮೊಗ್ಗ
ಇಬ್ಬರೂ ಮೋಟಾರಿನ ಸುತ್ತಲೇ ಸುತ್ತುತ್ತಿದ್ದೀರಿ. ಹುಬ್ಬಳ್ಳಿಯವರ ತೊಡಕಿರುವುದು ಬುಡದಲ್ಲಿ, ಅಂದರೆ ಅಯಸ್ಕಾಂತದಲ್ಲಿ. ಕಂಪನಿಗಳು ಹೇಳುವ ಹಿಡಿತದ ಬಲವನ್ನು ದಪ್ಪನೆಯ, ನುಣುಪಾದ, ಬಣ್ಣವಿಲ್ಲದ ಉಕ್ಕಿನ ಮೇಲೆ ಅಳೆದಿರುತ್ತಾರೆ. ಐಎಸ್‌ಎಂಬಿ 300ರ ವೆಬ್ (ತೊಲೆಯ ನಡುವೆ ನಿಂತ ಗೋಡೆ) ಇರುವುದು ಸುಮಾರು ಏಳೂವರೆ ಮಿ.ಮೀ. ಅಷ್ಟು ತೆಳುವಾದ ಉಕ್ಕಿನಲ್ಲಿ ಕಾಂತಪ್ರವಾಹ ಪೂರ್ತಿ ಹಿಡಿಸುವುದಿಲ್ಲ; ಅದರ ಮೇಲೆ ರೆಡ್ ಆಕ್ಸೈಡ್ ಬಳಿದಿದ್ದರೆ, ತುಕ್ಕಿನ ಹಕ್ಕಳೆ ಇದ್ದರೆ, ಹಿಡಿತ ಇನ್ನೂ ಕುಸಿಯುತ್ತದೆ. 50ರ ಯಂತ್ರದ ಅಯಸ್ಕಾಂತ ದೊಡ್ಡದಿರಬಹುದು, ಆದರೆ ತೆಳು ಉಕ್ಕು ಅದನ್ನೂ ಇದನ್ನೂ ಬಹುಮಟ್ಟಿಗೆ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ವೆಬ್ಬಿನ ಹಿಂಬದಿಗೆ, ಅಯಸ್ಕಾಂತದ ನೇರಕ್ಕೆ, 12 ಮಿ.ಮೀ. ದಪ್ಪದ ಪ್ಲೇಟೊಂದನ್ನು ಕ್ಲಾಂಪಿನಲ್ಲಿ ಬಿಗಿದು ನೋಡಿ, ವ್ಯತ್ಯಾಸ ಕೈಗೇ ತಿಳಿಯುತ್ತದೆ. ತೊಲೆಯ ಮೇಲೂ ಕೆಳಗೂ ಇರುವ ಅಡ್ಡ ಪಟ್ಟಿಯ, ಅಂದರೆ ಫ್ಲೇಂಜಿನ ಒಳಮೈ ಇಳಿಜಾರಾಗಿರುವುದರಿಂದ ಅಲ್ಲಿ ಯಾವ ಯಂತ್ರವೂ ಸರಿಯಾಗಿ ಕೂರುವುದಿಲ್ಲ, ಹೊರಮೈಯಿಂದಲೇ ಹಾಕಬೇಕು.

ಇನ್ನು 50 ಎಂಬ ಅಂಕಿಯ ವಿಚಾರ. ಅದು ಬ್ರೋಚ್ ಕಟರಿಗೆ ಸಂಬಂಧಿಸಿದ್ದು, ರಂಧ್ರವನ್ನು ಪೂರ್ತಿ ಕೊರೆಯುವ ಸಾಮಾನ್ಯ ಟ್ವಿಸ್ಟ್ ಡ್ರಿಲ್ಲಿಗೆ ಅಲ್ಲ. ಕಟರಿನ ಗೋಡೆ 4 ಮಿ.ಮೀ. ಎಂದುಕೊಂಡರೆ, 22ರ ರಂಧ್ರದಲ್ಲಿ 380 ಚದರ ಮಿ.ಮೀ. ಪೈಕಿ 226ನ್ನು ಮಾತ್ರ ಅದು ಕತ್ತರಿಸುತ್ತದೆ. 50ರ ರಂಧ್ರದಲ್ಲಿ 1963ರ ಪೈಕಿ 578 ಮಾತ್ರ. ಉಳಿದದ್ದು ಬಿಲ್ಲೆಯಾಗಿ ಕೆಳಗೆ ಬೀಳುತ್ತದೆ. ಆದ್ದರಿಂದಲೇ ಮ್ಯಾಗ್ 50ಕ್ಕೆ 1200 ವಾಟ್ ಸಾಕಾಗಿರುವುದು. ಆ ಸಂಖ್ಯೆ ನೋಡಿ ಅಷ್ಟೇ ದಪ್ಪದ ಟ್ವಿಸ್ಟ್ ಡ್ರಿಲ್ ಹಾಕಲು ಯಾರೂ ಹೋಗಬಾರದು.

ಬೊಮ್ಮಸಂದ್ರದ ಫಿಟ್ಟರ್
ಹಿಮ್ಮೇಳದ ಪ್ಲೇಟಿನ ಮಾತು ಒಪ್ಪಿದೆ. ಆದರೆ ಸೈಟಿನಲ್ಲಿ ಉದ್ದನೆಯ ವೈರಿನಿಂದ ವೋಲ್ಟೇಜ್ ಇಳಿದು ಆರ್ಮೇಚರ್ (ಮೋಟಾರಿನ ತಿರುಗುವ ಸುರುಳಿ) ಸುಡುತ್ತದೆಯಲ್ಲವೇ? ಹಾಗಿರುವಾಗ ದೊಡ್ಡ ಮೋಟಾರೇ ಕ್ಷೇಮವಲ್ಲವೇ?

ಸಲಕರಣೆ ರಿಪೇರಿ, ಶಿವಮೊಗ್ಗ
ಇದು ಎಲ್ಲರೂ ಹೇಳುವ ಮಾತು, ಆದರೆ ಲೆಕ್ಕಕ್ಕೆ ನಿಲ್ಲುವುದಿಲ್ಲ. 1.5 ಚದರ ಮಿ.ಮೀ. ತಾಮ್ರದ ವೈರು 50 ಮೀಟರ್ ಇದ್ದರೂ ಹೋಗಿ ಬರುವ ದಾರಿಯ ರೋಧ ಸುಮಾರು 1.2 ಓಮ್, 5 ಆಂಪಿಯರ್ ಎಳೆದರೆ ನಷ್ಟವಾಗುವುದು 6 ವೋಲ್ಟ್. ನನ್ನ ಬಳಿಗೆ ಬರುವ ಸುಟ್ಟ ಆರ್ಮೇಚರುಗಳ ಕಥೆ ಬೇರೆ: ಅದೇ ಬೋರ್ಡಿನಲ್ಲಿ ವೆಲ್ಡಿಂಗ್ ಸೆಟ್ಟು, ಸವೆದ ಕಾರ್ಬನ್ ಬ್ರಷ್ಷು, ಮೊಂಡು ಕಟರನ್ನು ಕಾಲೂರಿ ಒತ್ತುವ ಹಠ. ಮೋಟಾರಿನಿಂದ ಬುಡಕ್ಕೆ ಹೋಗುವ ವೈರು ಪ್ರತಿ ರಂಧ್ರಕ್ಕೂ ಮಡಿಸಿ ಬಿಡಿಸಿ ಒಳಗೇ ತುಂಡಾಗುವುದೂ ಇದೆ. ಹೆಸರಿಲ್ಲದ ಯಂತ್ರದಲ್ಲಿ ನಾನು ಮೊದಲು ನೋಡುವುದು ಮೋಟಾರು ಜಾರುವ ಹಳಿಯನ್ನು. ಕೈಯಲ್ಲಿ ಅಲುಗಾಡಿಸಿದಾಗ ಲಟಲಟ ಅಂದರೆ, ಬಿಗಿಮಾಡುವ ಸ್ಕ್ರೂ ಸಹ ಇಲ್ಲದಿದ್ದರೆ, ಬೆಲೆ ಎಷ್ಟೇ ಕಡಿಮೆಯಿರಲಿ ಬೇಡ ಎನ್ನುತ್ತೇನೆ.

ಬರ್ಮಿಂಗ್‌ಹ್ಯಾಮ್‌ನಿಂದ ಮಂಡ್ಯದವ
ಒಂದು ಎಚ್ಚರಿಕೆ. ಬ್ರಿಟನ್ನಿನ ಸೈಟುಗಳಲ್ಲಿ ಹಳದಿ ಟ್ರಾನ್ಸ್‌ಫಾರ್ಮರ್ ಮೂಲಕ 110 ವೋಲ್ಟಿನ ಯಂತ್ರ ಬಳಸುವುದು ರೂಢಿ. ಇಲ್ಲಿನ ಹಳೆಯ ಯಂತ್ರ ಯಾರಾದರೂ ಅಗ್ಗಕ್ಕೆ ಕೊಟ್ಟರೆ ನಾಮಫಲಕ ಓದದೆ ನಮ್ಮೂರಿನ 230ಕ್ಕೆ ಸಿಕ್ಕಿಸಬೇಡಿ. ಕಟರ್ ಹಿಡಿತವನ್ನೂ ನೋಡಿ: 19 ಮಿ.ಮೀ. ವೆಲ್ಡನ್ ಶ್ಯಾಂಕ್ (ಯಂತ್ರದೊಳಗೆ ಕೂರುವ ಕಟರಿನ ಕಾಂಡ) ಬಹುತೇಕ ಕಡೆ ಸಿಗುತ್ತದೆ, ಫೈನ್ ಕಂಪನಿಯ ಕೆಲವು ಮಾದರಿಗಳಲ್ಲಿ ಮಾತ್ರ ಕ್ವಿಕ್‌ಇನ್ ಎಂಬ ಅದರದೇ ಪದ್ಧತಿಯಿದೆ.

ತೋರಣಗಲ್ಲು ಸೈಟ್
ಯಂತ್ರ ಬೀಳದಂತೆ ಕಟ್ಟುವ ಸರಪಳಿಯ ಮಾತನ್ನು ಯಾರೂ ಎತ್ತಲಿಲ್ಲ. ಎರಡು ವರ್ಷದ ಹಿಂದೆ ನಾನಿದ್ದ ಕೆಲಸದಲ್ಲಿ, ಕಂಬದ ಪಕ್ಕೆಗೆ ಅಡ್ಡಲಾಗಿ ಕೂರಿಸಿದ್ದ ಯಂತ್ರ ಕರೆಂಟು ಹೋದ ಕ್ಷಣವೇ ಕಳಚಿ ಕೆಳಗಿನ ಹಲಗೆಯನ್ನು ಸೀಳಿತು. ಕೆಳಗೆ ಯಾರೂ ಇರಲಿಲ್ಲ ಎಂಬುದು ನಮ್ಮ ಪುಣ್ಯ. ವಿದ್ಯುತ್ತಿನ ಅಯಸ್ಕಾಂತ ವಿದ್ಯುತ್ತು ಇರುವವರೆಗೆ ಮಾತ್ರ. ಮೀಟರಿನಷ್ಟು ಎತ್ತರದಲ್ಲೂ ನಾನು ಈಗ ಸರಪಳಿ ಸುತ್ತದೆ ಸ್ವಿಚ್ ಮುಟ್ಟುವುದಿಲ್ಲ. ಅಡ್ಡ ಕೆಲಸದಲ್ಲಿ ಬಾಟಲಿಯ ಎಣ್ಣೆಯೂ ಕಟರಿನ ಒಳಗೆ ಇಳಿಯುವುದಿಲ್ಲ, ಪೇಸ್ಟ್ ಹಚ್ಚಬೇಕು.

ಗೋಕುಲ ರಸ್ತೆ ವರ್ಕ್‌ಶಾಪ್, ಹುಬ್ಬಳ್ಳಿ
ಎಲ್ಲರಿಗೂ ಧನ್ಯವಾದಗಳು. ಹೆಸರಿಲ್ಲದ ಯಂತ್ರವನ್ನು ಇಂದು ಬೆಳಿಗ್ಗೆ ಅಂಗಡಿಯಲ್ಲಿ ಅಲುಗಾಡಿಸಿ ನೋಡಿದೆ. ಶಿವಮೊಗ್ಗದವರು ಹೇಳಿದ ಸದ್ದೇ ಬಂತು, ಪಟ್ಟಿಯಿಂದ ತೆಗೆದೆ. ನಕ್ಷೆಯನ್ನು ಮತ್ತೆ ಎಣಿಸಿದಾಗ 26ರ ರಂಧ್ರಗಳು ಒಟ್ಟು ನಲವತ್ತೆಂಟು, ಅವೂ 20 ಮಿ.ಮೀ. ಬೇಸ್ ಪ್ಲೇಟಿನಲ್ಲೇ ಇವೆ ಎಂದು ತಿಳಿಯಿತು. ಅವನ್ನು ರೇಡಿಯಲ್ ಡ್ರಿಲ್ಲಿಗೇ ಬಿಟ್ಟು, ತೊಲೆಗಳ 22ಕ್ಕಾಗಿ ಚಿಕ್ಕದನ್ನು ತೆಗೆದುಕೊಳ್ಳುವ ಕಡೆಗೆ ಮನಸ್ಸು ವಾಲಿದೆ. ಶನಿವಾರ ಅಂಗಡಿಯವರು ಯಂತ್ರವನ್ನು ನಮ್ಮಲ್ಲಿಗೇ ತಂದು ತೊಲೆಯ ವೆಬ್ಬಿನ ಮೇಲೆ ತೋರಿಸಲು ಒಪ್ಪಿದ್ದಾರೆ.

ಬೊಮ್ಮಸಂದ್ರದ ಫಿಟ್ಟರ್
ಬೇಸ್ ಪ್ಲೇಟು ಬೇರೆ ಯಂತ್ರಕ್ಕೆ ಹೋಗುವುದಾದರೆ ನನ್ನ ಗೇರಿನ ವಾದದ ಅರ್ಧ ಬಲ ಹೋಯಿತು. ಮುಂದಿನ ಆರ್ಡರಿನಲ್ಲಿ ಎಂ30 ಬಂದರೆ ಮಾತ್ರ ನನ್ನನ್ನು ನೆನೆಸಿಕೊಳ್ಳುವಿರಿ.

ಸಲಕರಣೆ ರಿಪೇರಿ, ಶಿವಮೊಗ್ಗ
ಶನಿವಾರ ಯಂತ್ರ ಬಂದ ಕೂಡಲೇ ತೂತು ಹಾಕಿಸಬೇಡಿ. ಅಯಸ್ಕಾಂತವನ್ನು ವೆಬ್ಬಿನ ಮೇಲೆ ಇಪ್ಪತ್ತು ನಿಮಿಷ ಚಾಲೂ ಇಟ್ಟು, ಸುರುಳಿ ಬಿಸಿಯಾದ ಮೇಲೆ ಹಾಕಿಸಿ. ತಣ್ಣಗಿರುವಾಗ ಎಲ್ಲ ಯಂತ್ರಗಳೂ ಗಟ್ಟಿಯಾಗಿಯೇ ಹಿಡಿಯುತ್ತವೆ.