1966ರ ಮಸ್ಟ್ಯಾಂಗ್: ಬಾಗಿಲ ತಗಡಿನ ನಂಬರ್ ಒಂದು, ಬಾನೆಟ್ ಒಳಗಿನದು ಇನ್ನೊಂದು

ಫ್ರೀಮಾಂಟ್ ಕನ್ನಡಿಗ:
ನಮಸ್ಕಾರ. ಮೂರು ವರ್ಷ ದುಡ್ಡು ಕೂಡಿಟ್ಟು ಹುಡುಕ್ತಿದ್ದ ಗಾಡಿ ಕೊನೆಗೂ ಸಿಕ್ಕಿದೆ. 1966ರ ಫೋರ್ಡ್ ಮಸ್ಟ್ಯಾಂಗ್ ಹಾರ್ಡ್‌ಟಾಪ್, ಕೆಂಪು ಬಣ್ಣ. ಹುಟ್ಟಿನಿಂದಲೇ ವಿ8 (ಎಂಟು ಸಿಲಿಂಡರ್ ಎಂಜಿನ್) ಅಂತ ಮಾರೋರು ಹೇಳ್ತಾರೆ, ಬೆಲೆನೂ ಅದಕ್ಕೆ ತಕ್ಕಂತೆ ಇದೆ. ಆದ್ರೆ ಡ್ರೈವರ್ ಬಾಗಿಲ ಅಂಚಿನ ತಗಡಿನಲ್ಲಿ ಗಾಡಿಯ ಗುರುತಿನ ನಂಬರ್ ಶುರುವಾಗೋದು 6ಆರ್07ಟಿ ಅಂತ. ಬಾನೆಟ್ ಎತ್ತಿದ್ರೆ ಎಡಗಡೆ ಫೆಂಡರ್ ಪಕ್ಕ ಪಂಚ್ ಮಾಡಿರೋದು 6ಆರ್07ಸಿ. ಮುಂದಿನ ಆರು ಅಂಕಿನೂ ಬೇರೆ. ತಗಡಿನಲ್ಲಿ 65ಎ, ಎಂ, 26, 14ಸಿ, 72 ಅಂತಲೂ ಇದೆ. ಶನಿವಾರ ಅಡ್ವಾನ್ಸ್ ಕೊಡಬೇಕು, ನಿದ್ದೆ ಬರ್ತಿಲ್ಲ.

ಹಳೇ ಗಾಡಿ ಪ್ರೇಮಿ:
ಗಾಬರಿ ಬೇಡಿ ಸರ್. 17 ಅಕ್ಷರದ ನಂಬರ್ ಬಂದಿದ್ದು 1981ರ ಮಾಡೆಲ್‌ನಿಂದ. ಆಗಿನ ಫೋರ್ಡ್‌ನದು ಚಿಕ್ಕದು. 6 ಅಂದ್ರೆ 1966, ಆರ್ ಅಂದ್ರೆ ಸ್ಯಾನ್ ಹೋಸೆ ಕಾರ್ಖಾನೆ (ಡಿಯರ್‌ಬಾರ್ನ್ ಆಗಿದ್ರೆ ಎಫ್, ಮೆಟಚನ್ ಆಗಿದ್ರೆ ಟಿ), 07 ಹಾರ್ಡ್‌ಟಾಪ್. ಐದನೇ ಅಕ್ಷರವೇ ಎಂಜಿನ್: ಟಿ ಇದ್ರೆ 200 ಘನ ಇಂಚಿನ ಆರು ಸಿಲಿಂಡರ್, ಸಿ ಇದ್ರೆ ಎರಡು ಬ್ಯಾರಲ್ ಕಾರ್ಬುರೇಟರಿನ 289 ವಿ8. ತಗಡಿನ 65ಎ ಬಾಡಿ, ಎಂ ವಿಂಬಲ್ಡನ್ ವೈಟ್ ಬಣ್ಣ, 26 ಕಪ್ಪು ಸೀಟು, 14ಸಿ ತಯಾರಾದ ದಿನ ಮಾರ್ಚ್ 14, 72 ಸ್ಯಾನ್ ಹೋಸೆ ಮಾರಾಟ ಜಿಲ್ಲೆ.

ತಗಡನ್ನ ರಿವೆಟ್ ಹೊಡೆದಿರೋದು ಬಾಗಿಲಿಗೆ. ಬಾಗಿಲು ಬದಲಾದ್ರೆ ತಗಡೂ ಅದರ ಜೊತೆ ಬರುತ್ತೆ. ಚಕ್ರದ ನಟ್ಟು ಎಣಿಸಿ ನೋಡಿ. ಆರು ಸಿಲಿಂಡರ್ ಗಾಡಿಗೆ ನಾಲ್ಕು, ವಿ8ಗೆ ಐದು.

ಗ್ಯಾರೇಜ್ ಮೂಲೆ:
ನಟ್ಟು ಒಂದನ್ನೇ ನಂಬಬೇಡಿ, ಆಕ್ಸಲ್ ಸಮೇತ ಬದಲಾಯಿಸಿದ ಗಾಡಿ ನೋಡಿದೀನಿ. ಪಂಚ್ ಇರೋ ಭಾಗವನ್ನೂ ಅಪಘಾತ ಆದ್ಮೇಲೆ ಕತ್ತರಿಸಿ ಬೆಸುಗೆ ಹಾಕಿರಬಹುದು. ಅದರ ಸುತ್ತ ಬೆಸುಗೆ ಗುರುತಿದೆಯಾ ನೋಡಿ, ಗಾಡಿಯ ಮಾಲೀಕತ್ವದ ಕಾಗದ ಅಂದ್ರೆ ಪಿಂಕ್ ಸ್ಲಿಪ್‌ನಲ್ಲಿ ಯಾವ ನಂಬರಿದೆ ಅಂತ ಮೊದಲು ಕೇಳಿ. ಬಾಗಿಲ ಒಳಗಿನ ಹಲಗೆ ಬಿಚ್ಚಿ, ಡಿಕ್ಕಿಯ ಮ್ಯಾಟ್ ಎತ್ತಿ. ಹಳೇ ಬಣ್ಣ ಎರಡೂ ಕಡೆ ಒಂದೇನಾ? ಎಂಜಿನ್ ಎರಕದ ದಿನಾಂಕ ಸ್ಟಾರ್ಟರ್ ಮೋಟರ್ ಹಿಂದೆ ಇರುತ್ತೆ. ಟಾರ್ಚು, ಕನ್ನಡಿ ತಗೊಂಡು ಹೋಗಿ.

ಫ್ರೀಮಾಂಟ್ ಕನ್ನಡಿಗ:
ಹೋಗಿ ಬಂದೆ. ಮೂರು ಗಂಟೆ ಗಾಡಿ ಕೆಳಗೇ ಮಲಗಿದ್ದೆ. ಐದು ನಟ್ಟು. ಪಿಂಕ್ ಸ್ಲಿಪ್‌ನಲ್ಲಿರೋದು ಸಿ ನಂಬರೇ, ಬೆಸುಗೆ ಗುರುತಿಲ್ಲ. ಬಾಗಿಲ ಒಳಗೆ ಬಿಳಿ, ಡಿಕ್ಕಿಯಲ್ಲಿ ನೀಲಿ! ಎಂಜಿನ್ ಮೇಲೆ 5ಎಲ್18, ಅಂದ್ರೆ 1965ರ ನವೆಂಬರ್ 18. ಬಾಗಿಲು ಮಾತ್ರ ಬೇರೆ ಗಾಡೀದು. ಮಾರೋರಿಗೂ ಇದು ಗೊತ್ತಿರಲಿಲ್ಲ, ತೋರಿಸಿದಾಗ ಒಪ್ಪಿಕೊಂಡು ಸ್ವಲ್ಪ ಇಳಿಸಿದ್ರು. ಅಡ್ವಾನ್ಸ್ ಕೊಟ್ಟೆ.

ಆ ತಗಡು ಕಿತ್ತು, ಸರಿಯಾದ ನಂಬರಿನ ಹೊಸದನ್ನ ಮಾಡಿಸಿ ಹಾಕಲಾ?

ಗ್ಯಾರೇಜ್ ಮೂಲೆ:
ದಯವಿಟ್ಟು ಬೇಡ. ಈ ಗಾಡಿಯ ಮೂಲ ತಗಡಿನಲ್ಲಿ ಯಾವ ದಿನಾಂಕ, ಯಾವ ಸೀಟು ಇತ್ತು ಅಂತ ನಿಮಗೆ ಗೊತ್ತಿಲ್ಲ. ಊಹೆ ಮಾಡಿ ಕೆತ್ತಿಸಿದ್ರೆ ಮುಂದೆ ಕೊಳ್ಳೋರು ಅದನ್ನೇ ನಿಜ ಅಂದ್ಕೋತಾರೆ. ಇದ್ದದ್ದನ್ನ ಇದ್ದ ಹಾಗೇ ಬಿಡಿ, ನಡೆದದ್ದನ್ನ ಒಂದು ಹಾಳೇಲಿ ಬರೆದು ಕಾಗದಗಳ ಜೊತೆ ಇಡಿ.

ಫ್ರೀಮಾಂಟ್ ಕನ್ನಡಿಗ:
ಸರಿ, ಹಾಗೇ ಮಾಡ್ತೀನಿ. ಎರಡೂ ನಂಬರಿನಲ್ಲಿ ಆರ್ ಇದೆ ಅಂತ ಈಗ ಗಮನಿಸಿದೆ. ಆ ಸ್ಯಾನ್ ಹೋಸೆ ಕಾರ್ಖಾನೆ ಇದ್ದದ್ದು ಪಕ್ಕದ ಮಿಲ್ಪಿಟಸ್‌ನಲ್ಲಿ, 1983ರಲ್ಲಿ ಮುಚ್ಚಿತು. ಅದೇ ಕಟ್ಟಡ ಈಗ ಗ್ರೇಟ್ ಮಾಲ್. ಮಕ್ಕಳಿಗೆ ಶೂ ತರೋಕೆ ನಾವು ಹೋಗೋದು ಅಲ್ಲಿಗೇ. ಗಾಡಿ ಕೈಗೆ ಬಂದ ದಿನ ಮೊದಲು ಅಲ್ಲಿಗೆ ಓಡಿಸ್ಕೊಂಡು ಹೋಗ್ತೀನಿ.